ತಾರೀಖು ಹಾಕದ ಚೀಟಿ

ಮಳೆ ಹಿಂದೆ ಸರಿದು ಒಣಗಾಳಿ ಬೀಸತೊಡಗಿದರೆ ಇಟ್ಟಿಗೆ ಕೊಯ್ಯುವವರಿಗೆ ಬೆನ್ನು ನೆಟ್ಟಗೆ ಮಾಡಲೂ ಪುರುಸೊತ್ತಿರುವುದಿಲ್ಲ. ಕೆರೆಯಂಚಿನ ಬಯಲಿನಲ್ಲಿ ಬೆಳಗಿನಿಂದ ಮಣ್ಣು ತುಳಿಯುವ ಕೆಲಸ ನಡೆದಿತ್ತು. ಹಿಂದಿನ ಸಂಜೆ ನೆನೆಹಾಕಿದ್ದ ಮಣ್ಣಿಗೆ ಹೊಟ್ಟು ಸುರಿದು ಇಬ್ಬರು ಆಳುಗಳು ಮೊಣಕಾಲುದ್ದ ಇಳಿದಿದ್ದರು. ಹಿರಿಯ ಸೊಸೆ ಅಚ್ಚಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಣ್ಣಿನ ಮುದ್ದೆಯನ್ನು ಎತ್ತಿ ಅಚ್ಚಿಗೆ ಬಡಿದು, ಮೇಲುಳಿದದ್ದನ್ನು ಪಟ್ಟಿಯಿಂದ ಸವರಿ, ಬೋರಲು ಹಾಕಿ ಮುಂದಕ್ಕೆ ಸರಿಯುತ್ತಿದ್ದಳು. ಅವಳ ಹಿಂದೆ ಹಸಿ ಇಟ್ಟಿಗೆಯ ಸಾಲು ಹಲ್ಲು ಜೋಡಿಸಿದ ಹಾಗೆ ಬೆಳೆಯುತ್ತಿತ್ತು. ಮಣ್ಣಿನ ನೆಲ ಅವಳ ಅಪ್ಪ ಕೊಟ್ಟದ್ದು. ಹಾಗಾಗಿ ಇಟ್ಟಿಗೆ ಸುಡುವ ಗೂಡೂ ಅವಳ ಹೆಸರಿನಲ್ಲೇ ಇತ್ತು. ಗಂಡ ಬೆಂಕಿ ನೋಡಿಕೊಳ್ಳುವವನು, ವ್ಯವಹಾರ ಇವಳದು. ಆಳುಗಳು ಇಟ್ಟಿಗೆಯಮ್ಮ ಎನ್ನುತ್ತಿದ್ದರು.

ಹೊತ್ತು ನೆತ್ತಿ ದಾಟಿದರೂ ಬುತ್ತಿ ಬರಲಿಲ್ಲ. ಆಳುಗಳು ಕೈ ತೊಳೆದು ನೆರಳಿಗೆ ಹೋಗಿ ಕೂತರು. ಕಡೆಗೆ ಮಗಳು ಚುಕ್ಕಿ ಏರಿಯ ಮೇಲೆ ಕಾಣಿಸಿಕೊಂಡಳು, ಹೊಸ ಅಂಗಿಯ ಕಾಲರು ಕೆಡದ ಹಾಗೆ ಬುತ್ತಿಯನ್ನು ಮೈಯಿಂದ ದೂರ ಹಿಡಿದುಕೊಂಡು.

"ಕಾಲರ್ ಕೂಡಿಸೋದು ಕಲೀತಿದ್ದೆ ಅಮ್ಮ. ಅರ್ಧಕ್ಕೆ ಬಿಟ್ಟು ಏಳಬಾರದು ಅಂದ್ರು ಚಿಕ್ಕಮ್ಮ."

"ಕಾಲರ್ ಮುಗಿಯೋ ತನಕ ನಿಮ್ಮಮ್ಮನ ಹೊಟ್ಟೆ ಕಾದಿರುತ್ತೆ ಅಂತಲೂ ಅಂದ್ರಾ?"

ಮಗಳು ನಕ್ಕಳು. ಆ ನಗುವನ್ನು ತಾಯಿ ಗಮನಿಸಿದಳು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡವರ ಹಾಗೆ ಬಾಯಿಯ ಒಂದೇ ಕಡೆಯಿಂದ ಬಂದ ನಗು. ಮನೆಯಲ್ಲಿ ಹಾಗೆ ನಗುವವಳು ಇನ್ನೊಬ್ಬಳೇ. ರೊಟ್ಟಿ ಮುರಿದು ಬಾಯಿಗಿಟ್ಟರೆ ಅದೂ ಅವಳ ಕೈಯದೇ, ತೆಳ್ಳಗೆ, ಮೆತ್ತಗೆ. ಹಿರಿಯ ಸೊಸೆಗೆ ಹಸಿವಿತ್ತು, ಆದರೂ ಒಂದನ್ನು ಆಳಿಗೆ ಕೊಟ್ಟಳು.

ಮನೆ ಒಂದೇ, ಒಲೆ ಒಂದೇ. ಬೀದಿಗೆ ಮುಖ ಮಾಡಿದ ಕೋಣೆ ಕಿರಿಯ ಸೊಸೆಯದು. ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬೀದಿಯವರಿಗೆ ಅವಳು ಟೈಲರಮ್ಮ. ಅವಳ ಗಂಡ, ಅಂದರೆ ಹಿರಿಯ ಸೊಸೆಯ ಮೈದುನ, ಬಸ್ ಕಂಡಕ್ಟರು, ಒಂದು ದಿನ ಮನೆಯಲ್ಲಿದ್ದರೆ ಒಂದು ದಿನ ಬಸ್ಸಿನಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಅತ್ತೆ ನಡುಮನೆಯ ಬೆಂಚಿನ ಮೇಲೆ ಕೂತು ಕಾಳು ಬಿಡಿಸುತ್ತಾ ಎರಡೂ ಕಡೆ ಕಿವಿ ಇಟ್ಟಿರುತ್ತಿದ್ದಳು.

ಆ ಸಂಜೆ ಊಟಕ್ಕೆ ಕೂತಾಗ ಕಿರಿಯ ಸೊಸೆ ಮೆಲ್ಲಗೆ ಮಾತು ತೆಗೆದಳು. ಪೇಟೆ ಬೀದಿಯಲ್ಲಿ ಒಂದು ಮಳಿಗೆ ಖಾಲಿಯಾಗಿದೆ, ಮುಂಗಡ ಕೇಳುತ್ತಿದ್ದಾರೆ, ಅಕ್ಕನ ಹತ್ತಿರ ಇರುವ ತನ್ನ ಹಣ ಈ ಸಲದ ಗೂಡಿನ ಇಟ್ಟಿಗೆ ಸುಟ್ಟು ಇಳಿಸಿದ ಮೇಲೆ ಸಿಕ್ಕರೆ ಹಿಡಿದುಬಿಡಬಹುದು ಎಂದಳು.

"ನಾನೂ ಅಲ್ಲೇ ಕೂತು ಗುಂಡಿಗೆ ಕಾಜಾ ಮಾಡ್ತೀನಿ," ಎಂದಳು ಚುಕ್ಕಿ. "ಚಿಕ್ಕಮ್ಮ ಆಗಲೇ ನನಗೆ ಅಂತ ಸ್ಟೂಲ್ ನೋಡಿಟ್ಟಿದ್ದಾರೆ."

ಹಿರಿಯ ಸೊಸೆ ತಟ್ಟೆಯಿಂದ ತಲೆಯೆತ್ತಲಿಲ್ಲ. ಗೂಡು ಇಳಿಯಲಿ, ನೋಡೋಣ ಎಂದಳು.

ಆ ಹಣದ ಕಥೆ ಮನೆಯ ಎಲ್ಲರಿಗೂ ಗೊತ್ತಿದ್ದದ್ದೇ. ಹಿಂದೊಂದು ವರ್ಷ ಹಸಿ ಇಟ್ಟಿಗೆ ಬಯಲಲ್ಲಿ ಒಣಗುತ್ತಿದ್ದಾಗ ಅಕಾಲದ ಮಳೆ ಹೊಡೆದು, ಬೆಳಗಾಗುವಷ್ಟರಲ್ಲಿ ಕೊಯ್ದದ್ದೆಲ್ಲ ಮತ್ತೆ ಕೆಸರಾಗಿತ್ತು. ಆಳುಗಳ ಕೂಲಿ ನಿಂತಿತು, ಸೌದೆಯವನು ಗಾಡಿ ತಿರುಗಿಸಿಕೊಂಡು ಹೋದ. ಆಗ ಕಿರಿಯ ಸೊಸೆ ತವರಿನ ಪಾಲು ಮಾರಿ ಬಂದ ಗಂಟನ್ನು ಯಾರೂ ಕೇಳದೆಯೇ ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟಳು. ಒಂದಿಡೀ ಗೂಡು ಎಬ್ಬಿಸುವಷ್ಟು ಹಣ. ಅವಳೇನೂ ಬರೆಸಿಕೊಳ್ಳಲಿಲ್ಲ. ಹಿರಿಯ ಸೊಸೆಗೇ ಪುಕ್ಕಟೆ ಎನ್ನುವುದು ಮೈಗೆ ಒಗ್ಗದೆ, ಸ್ಟ್ಯಾಂಪು ತರಿಸಿ ಅಂಟಿಸಿ, ಸಾಲವಾಗಿ ಪಡೆದಿದ್ದೇನೆ ಎಂದು ಬರೆದು ಸಹಿ ಮಾಡಿ ಅವಳ ಕೈಗಿತ್ತಿದ್ದಳು. ಅದನ್ನು ಅವಳು ಓದದೇ ಮಡಿಸಿ ಯಂತ್ರದ ಡ್ರಾಯರಿಗೆ ಹಾಕಿದ್ದಳು. ಗೂಡು ಮತ್ತೆ ಎದ್ದಿತು. ಹಣ ಮಾತ್ರ ಹಿಂದಿರುಗಲಿಲ್ಲ. ಒಂದು ವರ್ಷ ಲಾರಿಯ ರಿಪೇರಿ, ಒಂದು ವರ್ಷ ಅತ್ತೆಯ ಕಣ್ಣಿನ ಆಪರೇಷನ್ನು. ಕೇಳಿದವರೂ ಇರಲಿಲ್ಲ.

ಈ ವರ್ಷ ಕೊಡಬಹುದಿತ್ತು. ಶಾಲೆಯ ಕಟ್ಟಡದ ಗುತ್ತಿಗೆದಾರ ಗೂಡಿನ ಮುಕ್ಕಾಲು ಪಾಲನ್ನು ಕೊಳ್ಳಲು ಒಪ್ಪಿದ್ದ. ಆದರೆ ಆ ಹಣವನ್ನು ನೆನೆಸಿದಾಗಲೆಲ್ಲ ಹಿರಿಯ ಸೊಸೆಗೆ ಕಾಣುತ್ತಿದ್ದದ್ದು ಪೇಟೆ ಬೀದಿಯ ಮಳಿಗೆ, ಅದರೊಳಗೆ ಅಕ್ಕಪಕ್ಕ ಬಾಗಿದ ಎರಡು ತಲೆ, ಒಂದು ಸ್ಟೂಲು.

ಆ ವಾರವೇ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನೊಬ್ಬ ತನ್ನ ಮನೆಯ ಕಾಂಪೌಂಡ್ ಗೋಡೆಗೆ ಇಟ್ಟಿಗೆ ನೋಡಲು ಬಂದ. ಇಟ್ಟಿಗೆಗಿಂತ ಮಾತೇ ಹೆಚ್ಚು. ತನ್ನ ಭಾವಮೈದ ಸಾಲಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿ ಹಣ ಕಳೆದುಕೊಂಡದ್ದನ್ನು ಹೇಳಿದ. ಹಿರಿಯ ಸೊಸೆ ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟಳು.

"ಪತ್ರ ಇದ್ದರೂ ಬರಲ್ವಾ?"

"ಮೂರು ವರ್ಷ ದಾಟಿದರೆ ಅದು ಬರೀ ಕಾಗದ ಕಣಮ್ಮ. ಅಷ್ಟರೊಳಗೆ ದಾವೆ ಹಾಕಬೇಕು. ಇಲ್ಲ, ಕೊಡ್ತೀನಿ ಅಂತ ಸಾಲಗಾರನ ಹತ್ತಿರ ಮತ್ತೆ ಬರೆಸಿಕೊಳ್ಳಬೇಕು. ಬರೆದರೆ ಆವತ್ತಿನಿಂದ ಹೊಸ ಆಯುಸ್ಸು."

ತಾನು ಬರೆದುಕೊಟ್ಟದ್ದು ಗೂಡಿಗೆ ಬೆಂಕಿಯಿಡುವ ಕಾಲದಲ್ಲಿ ಎಂಬುದು ಅವಳಿಗೆ ನೆನಪಿತ್ತು. ಮೂರು ವರ್ಷ ತುಂಬಲು ಇನ್ನು ಕೆಲವೇ ವಾರ. ಮಾಡಬೇಕಾದ್ದೇನೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಗುಮಾಸ್ತನಿಗೆ ಅವನು ಕೇಳಿದ್ದಕ್ಕಿಂತಲೂ ಕಡಿಮೆ ಬೆಲೆಗೆ ಇಟ್ಟಿಗೆ ಒಪ್ಪಿಕೊಂಡಳು.

ಬಾಯಿ ಮುಚ್ಚಿಕೊಂಡಿರುವುದು ಹೊರಗೆ ಸುಲಭ, ಮನೆಯೊಳಗೆ ಕಷ್ಟ. ಅತ್ತೆ ಕಾಳು ಬಿಡಿಸುತ್ತಲೇ, ಚಿಕ್ಕವಳು ಆ ಮಳಿಗೆಯವನಿಗೆ ಏನು ಹೇಳಲಿ ಅಂತ ಕೇಳ್ತಿದ್ದಳು ಎಂದು ಗಾಳಿಗೆ ಹೇಳುವಳು. ಗಂಡ ಒಂದು ದಿನ ಗೂಡು ಜೋಡಿಸುತ್ತಾ, ಕೊಟ್ಟು ಕೈ ತೊಳೆದುಕೋ ಮಾರಾಯ್ತಿ ಎಂದ. ಅವಳು ಉತ್ತರಕ್ಕೆ ಇಟ್ಟಿಗೆಯನ್ನು ಅವನ ಕೈಗೆ ಸ್ವಲ್ಪ ಜೋರಾಗಿಯೇ ಎಸೆದಳು. ಮನೆಗೆ ಬಂದರೆ ಮಗಳ ತಲೆಯನ್ನು ಚಿಕ್ಕಮ್ಮ ಬಾಚಿ ಆಗಿರುತ್ತಿತ್ತು. ಇವಳು ಬಿಚ್ಚಿ ಮತ್ತೆ ಹೆಣೆಯಲು ಕೂತರೆ, "ಅಮ್ಮ, ನಿನ್ನ ಬೆರಳು ಕೂದಲಿಗೆ ಸಿಕ್ಕೊಳ್ಳುತ್ತೆ," ಎಂದು ಚುಕ್ಕಿ ತಲೆ ಎಳೆದುಕೊಂಡಳು. ಮಣ್ಣಿನಲ್ಲಿ ಬಿರಿದ ಬೆರಳು, ಸಿಕ್ಕಿಕೊಳ್ಳುವುದು ನಿಜವೇ ಆಗಿತ್ತು.

ಗೂಡಿಗೆ ಬೆಂಕಿಯಿಡುವ ದಿನ ಬಂತು. ಜೋಡಿಸಿದ ಇಟ್ಟಿಗೆಯ ಹೊರಮೈಗೆ ಹಸಿಮಣ್ಣು ಮೆತ್ತುವ ಕೆಲಸ ಬೆಳಿಗ್ಗೆಯೇ ಮುಗಿಯಬೇಕು. ಹಿರಿಯ ಸೊಸೆ ಏಣಿಯ ಮೇಲೆ ನಿಂತಿದ್ದಳು. ಬುತ್ತಿ ತಂದ ಚುಕ್ಕಿ ಕೆಳಗೆ ನಿಂತು, ಮನಸ್ಸು ಹಗುರಾದವಳ ಹಾಗೆ ಹೇಳಿದಳು:

"ಅಮ್ಮ, ಇನ್ನು ನೀನು ಹಣದ ಚಿಂತೆ ಬಿಡು. ಅದು ಸಾಲ ಅಲ್ವೇ ಅಲ್ಲ, ಅಕ್ಕನಿಗೆ ಕಷ್ಟ ಬಂದಾಗ ಸುಮ್ಮನೆ ಕೊಟ್ಟದ್ದು, ವಾಪಸ್ ಕೇಳಿದ್ದೇ ನನ್ನ ತಪ್ಪು ಅಂತ ಚಿಕ್ಕಮ್ಮ ಅಜ್ಜಿಗೆ ಹೇಳಿದ್ರು. ಪಕ್ಕದ ಮನೆಯವರೂ ಇದ್ರು. ಅಜ್ಜಿ ಕಣ್ಣೀರು ಹಾಕಿದ್ರು. ಇಂಥ ಮನಸ್ಸು ಯಾರಿಗೆ ಬರುತ್ತೆ ಅಂದ್ರು."

ಹಿರಿಯ ಸೊಸೆ ಏಣಿಯಿಂದ ಇಳಿದಳು. ಸಾಲವಾದರೆ ಸಾಲ ಎನ್ನಬಹುದು. ದಾನ ಪಡೆದವಳಾಗಿ ಆ ಬೀದಿಯಲ್ಲಿ ಓಡಾಡುವುದೆಂದರೆ? ಅತ್ತೆಯ ಕಣ್ಣೀರೂ ಅವಳಿಗೇ, ಮಗಳ ಬಾಯಲ್ಲೂ ಅವಳದೇ ಹಾಡು. ಸೌದೆಯವನಿಗೆ ರಸೀದಿ ಬರೆಯಲು ಇಟ್ಟಿದ್ದ ಹಾಳೆಯನ್ನು ಹರಿದು, ಕೈ ತೊಳೆಯುವಷ್ಟೂ ತಡೆಯದೆ, ಗೂಡಿನ ಗೋಡೆಗೇ ಒತ್ತಿಕೊಂಡು ಬರೆದಳು. ನೀನು ಕೊಟ್ಟದ್ದು ದಾನವಲ್ಲ, ಸಾಲ. ಇಷ್ಟು ಹಣವನ್ನು ನಾನು ಸಾಲವಾಗಿಯೇ ತಗೊಂಡದ್ದು, ಸಹಿ ಮಾಡಿ ಕೊಟ್ಟಿದ್ದೇನೆ, ಅದನ್ನು ಈಗಲೂ ಹೇಳುತ್ತೇನೆ. ಈ ಮನೆಗೆ ಬಂದಾಗಿನಿಂದ ನೀನು ಉಂಡ ಅನ್ನಕ್ಕೆ ಇಷ್ಟು ಮುರಿದುಕೋ ಎಂದು ಒಂದು ಮೊತ್ತ ಹಾಕಿದಳು. ಕೊಡುವುದಿಲ್ಲ, ಏನು ಮಾಡುತ್ತೀಯೋ ಮಾಡು ಎಂದು ಸೇರಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿನಗೆ ಹುಟ್ಟಲಿಲ್ಲವೆಂದು ನನ್ನದನ್ನು ಎತ್ತಿಕೊಳ್ಳಬೇಡ ಎಂದೂ ಬರೆದು ಸಹಿ ಮಾಡಿದಳು. ಗುಮಾಸ್ತ ಹೇಳಿದ ಹಾಗೆ ಕೊಡ್ತೀನಿ ಅಂತ ತಾನೇ ಬರೆಯಬಾರದು? ಕೊಡಲ್ಲ ಅಂತ ಬರೆದಿದ್ದೀನಿ ಎಂಬ ಧೈರ್ಯ ಅವಳಿಗಿತ್ತು. ನಾಲ್ಕಾಗಿ ಮಡಿಸಿ ಚುಕ್ಕಿಯ ಕೈಗೆ ಕೊಟ್ಟು, ಓದದೇ ತಲುಪಿಸು ಎಂದಳು.

ಸಂಜೆ ಬೆಂಕಿ ಹತ್ತಿತು. ಹಿರಿಯ ಸೊಸೆ ಹೊಗೆ ಮೆತ್ತಿಕೊಂಡು ಮನೆಗೆ ಬಂದಾಗ ಕಿರಿಯ ಸೊಸೆ ಒಲೆಯ ಮುಂದೆ ನಿಂತೇ ಇದ್ದಳು. ಅನ್ನ ಬೇಯಿಸಿದ್ದಳು, ಬಡಿಸಲಿಲ್ಲ. ಅವಳ ದನಿ ಏರಲಿಲ್ಲ.

"ಅಕ್ಕ, ಹಣ ನಾನು ಬಿಟ್ಟಾಗಿತ್ತು. ತುತ್ತಿನ ಲೆಕ್ಕ ಹಾಕಿದ್ರಲ್ಲ, ಅದಕ್ಕೂ ಸುಮ್ಮನಿರ್ತಿದ್ದೆನೋ ಏನೋ. ಕೊನೇ ಸಾಲು ಬರೆದ ಕೈಯಿಂದ ಮಾತ್ರ ನನ್ನ ದುಡ್ಡು ಎಣಿಸಿ ತಗೋತೀನಿ."

ಮರುದಿನ ಅವಳ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೋವಿನ ಸದ್ದು ಕೇಳಿಸಿತು. ಒಂದು ಮನೆಯಲ್ಲಿ ಎರಡು ಒಲೆಯಾಯಿತು. ಅತ್ತೆ ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ ಉಂಡು, ಎರಡು ಕಡೆಯೂ ಹೊಟ್ಟೆ ತುಂಬಲಿಲ್ಲ ಎನ್ನುತ್ತಿದ್ದಳು. ಚುಕ್ಕಿಗೆ ಚಿಕ್ಕಮ್ಮನ ಬಾಗಿಲು ಮುಚ್ಚಿರಲಿಲ್ಲ. ಅವಳೇ ಹೋಗಲಿಲ್ಲ. ಚೀಟಿಯಲ್ಲಿ ಏನಿತ್ತೆಂದು ಅಜ್ಜಿಯ ಬಾಯಿಂದ ಕೇಳಿದ ಮೇಲೆ ಬಯಲಿಗೆ ಬಂದು ಕೂರತೊಡಗಿದಳು. ಹೀಗೆ ಬಯಸಿದ್ದು ಕಣ್ಣೆದುರಿಗೆ ಕೂತಿದ್ದರೂ ತಾಯಿಗೆ ಅವಳ ಜೊತೆ ಆಡಲು ಮಾತು ಹೊಳೆಯುತ್ತಿರಲಿಲ್ಲ.

ಪತ್ರದ ಅವಧಿ ಮುಗಿಯುವ ದಿನ ಬಂತು, ಹೋಯಿತು. ಹಿರಿಯ ಸೊಸೆ ಗೆದ್ದೆನೆಂದು ಆ ಸಂಜೆ ಮೊಟ್ಟೆ ಬೇಯಿಸಿದಳು. ಗೂಡು ಆರಿ, ಇಟ್ಟಿಗೆ ಇಳಿಸಿ ತಿಂಗಳಾಗಿ, ಲಾರಿಯೊಂದು ಹೊರಡುತ್ತಿದ್ದಾಗ ಕೋರ್ಟಿನ ಜವಾನ ಬಯಲಿಗೇ ಬಂದು ಸಮನ್ಸು ಕೊಟ್ಟು ಸಹಿ ಕೇಳಿದ. ಸಹಿ ಎಂದೊಡನೆ ಅವಳ ಕೈ ಹಿಂಜರಿಯಿತು. ಇದು ತಲುಪಿದ್ದಕ್ಕೆ ಅಷ್ಟೇ ಎಂದು ಅವನು ಸಮಾಧಾನ ಹೇಳಬೇಕಾಯಿತು.

ಆ ದಿನ ಮೈದುನ ಇನ್ನೂ ಡ್ಯೂಟಿಗೆ ಹೊರಟಿರಲಿಲ್ಲ. ಸಮವಸ್ತ್ರದ ಗುಂಡಿ ಹಾಕುತ್ತಲೇ ನಡುಮನೆಗೆ ಬಂದ.

"ಒಡಹುಟ್ಟಿದವನನ್ನ ಕೋರ್ಟಿಗೆ ಹತ್ತಿಸ್ತೀಯೇನೋ?" ಎಂದಳು ಅತ್ತೆ.

"ಅಣ್ಣನ ಹೆಸರು ಅದರಲ್ಲಿ ಎಲ್ಲಿದೆಯಮ್ಮ? ಅತ್ತಿಗೆ, ದಿನಾ ಬಸ್ಸಿನಲ್ಲಿ ಟಿಕೆಟ್ ಇಲ್ಲದವರು ಎಷ್ಟು ಜನ ನನ್ನ ಮೇಲೇ ಕೂಗಾಡ್ತಾರೆ. ನನಗೆ ಅಭ್ಯಾಸ ಇದೆ. ಅವಳಿಗಿಲ್ಲ. ಆ ಚೀಟಿ ಓದಿ ಎರಡು ದಿನ ಯಂತ್ರ ಮುಟ್ಟಲಿಲ್ಲ ಅವಳು."

"ಚೀಟಿಯಲ್ಲಿ ಕೊಡಲ್ಲ ಅಂತ ಬರೆದಿದ್ದೀನಿ. ಯಾವ ಕೋರ್ಟು ಕೊಡಿಸುತ್ತೆ?"

"ಅದನ್ನ ಹೋಗಿ ವಕೀಲರನ್ನೇ ಕೇಳಿ," ಎಂದು ಅವನು ಹೊರಟುಹೋದ.

ವಕೀಲರ ಕೋಣೆ ಔಷಧಿ ಅಂಗಡಿಯ ಮೇಲಿತ್ತು. ಅವರು ದಾವೆಯ ಕಾಗದ ತಿರುವಿ, ಚೀಟಿಯ ನಕಲನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟರು.

"ಕೊಡಲ್ಲ ಅಂದಿದ್ದೀರಿ, ಸರಿ. ಆದರೆ ಸಾಲ ತಗೊಂಡದ್ದು ಹೌದು, ಈಗಲೂ ಹೇಳ್ತೀನಿ ಅಂತ ಬರೆದು ಸಹಿ ಮಾಡಿದ್ದೀರಲ್ಲಮ್ಮ. ಸಾಲ ಒಪ್ಪಿಕೊಂಡದ್ದಕ್ಕೆ ಅಷ್ಟು ಸಾಕು. ಇದರ ಮೇಲೇ ದಾವೆ ನಿಂತಿರೋದು. ನೀವು ಸುಮ್ಮನಿದ್ದಿದ್ದರೆ ಅವರ ಕೈಯಲ್ಲಿ ಏನೂ ಇರ್ತಿರಲಿಲ್ಲ."

ವಕೀಲರು ನಕಲನ್ನು ಬೆಳಕಿಗೆ ಹಿಡಿದರು. ಒಂದು ದಾರಿಯಿದೆ ಎಂದರು. ಚೀಟಿಗೆ ತಾರೀಖು ಹಾಕಿಲ್ಲ. ಅವಧಿ ಮುಗಿಯುವ ಮುಂಚೆ ಬರೆದದ್ದಾದರೆ ಮಾತ್ರ ಇದಕ್ಕೆ ಬೆಲೆ, ಆಮೇಲೆ ಬರೆದದ್ದಾದರೆ ಇಲ್ಲ. ತಲುಪಿಸಿದವರು ಯಾರು ಎಂದು ಕೇಳಿದರು. ಮಗಳು ಎಂದಳು. ಹಾಗಾದರೆ ಮುಂದಿನ ಸಲ ಮಗಳನ್ನು ಕರೆದುಕೊಂಡು ಬನ್ನಿ ಎಂದರು.

ಮುಂದಿನ ವಾರ ತಾಯಿ ಮಗಳು ಒಂದೇ ಬೆಂಚಿನ ಮೇಲೆ ಕೂತರು. ವಕೀಲರು ಮೃದುವಾಗಿ ಕೇಳಿದರು: ಈ ಚೀಟಿಯನ್ನು ಚಿಕ್ಕಮ್ಮನಿಗೆ ಕೊಟ್ಟದ್ದು ಯಾವಾಗ, ಗೂಡಿಗೆ ಬೆಂಕಿ ಇಡೋ ಮುಂಚೆಯೋ, ಇಟ್ಟಿಗೆ ಇಳಿಸಿದ ಮೇಲೋ?

ಚುಕ್ಕಿ ತಾಯಿಯ ಕಡೆ ತಿರುಗಿದಳು.

"ಅಮ್ಮ ಹೇಗೆ ಹೇಳು ಅಂತಾಳೋ ಹಾಗೆ."

"ಹಾಗನ್ನಬಾರದು ಮಗು. ನಾಳೆ ಕೋರ್ಟಿನಲ್ಲಿ ನಿಮ್ಮ ಚಿಕ್ಕಮ್ಮನ ಎದುರಿಗೇ ಹೇಳಬೇಕಾಗುತ್ತೆ. ನಿನಗೆ ನೆನಪಿರೋ ಹಾಗೆ ಹೇಳು."

"ಇಟ್ಟಿಗೆ ಇಳಿಸಿದ ಮೇಲೆ ಕೊಟ್ಟೆ," ಎಂದಳು ಚುಕ್ಕಿ. ತಡವರಿಸಲಿಲ್ಲ. ಬಾಯಿಯ ಯಾವ ಕಡೆಯಲ್ಲೂ ನಗುವಿರಲಿಲ್ಲ. ಸೂಜಿ ಚುಚ್ಚಿ ಒರಟಾದ ಅವಳ ಬೆರಳ ತುದಿ ಬೆಂಚಿನ ಮೇಲೆ ತಾಯಿಯ ಬೆರಳನ್ನು ಹುಡುಕಿ ಹಿಡಿದುಕೊಂಡಿತು.

ಹಿರಿಯ ಸೊಸೆಯ ಎದೆ ಮೊದಲು ತುಂಬಿ ಬಂದದ್ದು ನಿಜ. ಕಾಲರು, ಸ್ಟೂಲು, ತೆಳ್ಳನೆಯ ರೊಟ್ಟಿ ಎಲ್ಲ ಒಂದು ಕಡೆ. ಸುಳ್ಳು ಹೇಳಬೇಕಾದ ಜಾಗದಲ್ಲಿ ಮಗಳು ತನ್ನ ಕಡೆ ನಿಂತಿದ್ದಳು. ಇಷ್ಟು ದಿನ ತಿಳಿಯಬೇಕೆಂದಿದ್ದುದು ತಿಳಿದಾಗಿತ್ತು. ಆಮೇಲೆ ಅವಳ ಕಣ್ಣು ಮೇಜಿನ ಮೇಲಿದ್ದ ನಕಲಿನ ಮೇಲೆ ಬಿತ್ತು. ಸಹಿಯ ಪಕ್ಕದಲ್ಲಿ ಹೆಬ್ಬೆರಳಿನ ಹಸಿಮಣ್ಣಿನ ಗುರುತು ಕಪ್ಪಗೆ ಮೂಡಿತ್ತು. ಈ ಗುರುತಿರುವ ಕಾಗದವನ್ನೇ ನಾಳೆ ಮಗಳ ಕೈಗೆ ಕೊಟ್ಟು ಕೇಳುತ್ತಾರೆ. ಎದುರಿಗೆ ಅವಳು ಕೂತಿರುತ್ತಾಳೆ, ಕಾಜಾ ಹೊಲಿಯುವುದನ್ನು ಕೈ ಹಿಡಿದು ಕಲಿಸಿದವಳು. ಚುಕ್ಕಿ ಇದೇ ದನಿಯಲ್ಲಿ ಇದೇ ಮಾತು ಹೇಳುತ್ತಾಳೆ.

"ಬೆಂಕಿ ಇಡೋ ದಿನ ಬೆಳಿಗ್ಗೆ ನಾನೇ ಬರೆದು ಕಳಿಸಿದ್ದು," ಎಂದಳು ಹಿರಿಯ ಸೊಸೆ. "ಅವಧಿ ಮುಗಿದಿರಲಿಲ್ಲ. ದಾವೆ ಬೇಡ ವಕೀಲರೇ. ಹಣ ಕೊಟ್ಟು ಮುಗಿಸೋದಕ್ಕೆ ಏನು ಬರೀಬೇಕೋ ಬರೀರಿ."

ವಕೀಲರು ಕನ್ನಡಕ ಹಾಕಿಕೊಂಡು, ಒಂದು ಸುಳ್ಳು ಕಮ್ಮಿ ಆದರೆ ನನಗೂ ನಿದ್ದೆ ಬರುತ್ತೆ, ಆದರೆ ಫೀಜು ಮೊದಲಿನಷ್ಟೇ ಎಂದರು. ಮೆಟ್ಟಿಲಿಳಿಯುವಾಗ ಚುಕ್ಕಿ ಕೈ ಬಿಡಿಸಿಕೊಂಡು ಮುಂದೆ ಹೋದಳು. ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಮುಖ ಮಾಡಿ ಅತ್ತಳು. ತಾಯಿ ಅವಳ ಬೆನ್ನ ಹಿಂದೆ, ಮುಟ್ಟದೆ, ಅಳು ಮುಗಿಯುವವರೆಗೂ ನಿಂತಿದ್ದಳು.

ಗುತ್ತಿಗೆದಾರ ಹಣ ಕೊಟ್ಟ ದಿನವೇ ಹಿರಿಯ ಸೊಸೆ ಬೀದಿಯ ಕಡೆಯ ಕೋಣೆಯ ಬಾಗಿಲು ತಟ್ಟಿದಳು. ಗಂಡ, ಮೈದುನ, ಅತ್ತೆ ನಡುಮನೆಯಲ್ಲಿ ಕೂತಿದ್ದರು. ಯಂತ್ರದ ಮೇಲೆ ಅರ್ಧ ಹೊಲಿದ ಅಂಗಿಯಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಗಂಟು ಇಟ್ಟಳು. ಕಿರಿಯ ಸೊಸೆ ಅಂದು ಹೇಳಿದ್ದ ಹಾಗೇ ಎಣಿಸಿ ತೆಗೆದುಕೊಂಡಳು. ರಾಜಿಯ ಕಾಗದಕ್ಕೆ ಸಹಿ ಹಾಕಿ, ಡ್ರಾಯರಿನಿಂದ ಹಳೆಯ ಪತ್ರವನ್ನು ತೆಗೆದುಕೊಟ್ಟಳು. ಆಮೇಲೆ ಗಂಟಿನಿಂದ ಸ್ವಲ್ಪ ಹಣವನ್ನು ಬೇರೆ ಮಾಡಿ ಹಿರಿಯ ಸೊಸೆಯ ಕಡೆ ತಳ್ಳಿದಳು.

"ಇದೇನು?"

"ನೀವೇ ಬರೆದಿದ್ರಲ್ಲ. ಉಂಡ ಅನ್ನದ್ದು. ನನಗೂ ಸಾಲ ಇಟ್ಕೊಳ್ಳೋ ಅಭ್ಯಾಸ ಇಲ್ಲ."

ಹಿರಿಯ ಸೊಸೆ ನಿಂತೇ ಇದ್ದಳು. ತಗೊಳ್ಳುವುದಿಲ್ಲ ಎಂದರೆ ಅವಳ ದೊಡ್ಡತನ, ತಗೊಂಡರೆ ತನ್ನ ಸಣ್ಣತನ. ಕಡೆಗೆ ತೆಗೆದುಕೊಂಡು ಅಡಿಗೆಮನೆಗೆ ಹೋಗಿ ಅಕ್ಕಿ ಡಬ್ಬದ ಮೇಲಿಟ್ಟಳು. ಮರುದಿನ ಅಕ್ಕಿ ತೆಗೆಯಲು ಡಬ್ಬದ ಮುಚ್ಚಳಕ್ಕೆ ಕೈ ಹೋದಾಗ ಆ ಹಣವನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಆ ವಾರ ಯಂತ್ರ ಗಾಡಿಯೇರಿ ಪೇಟೆ ಬೀದಿಗೆ ಹೋಯಿತು. ಚುಕ್ಕಿ ಬಾಗಿಲ ಕಂಬ ಹಿಡಿದು ನೋಡುತ್ತಿದ್ದಳು.

"ಹೋಗು," ಎಂದಳು ತಾಯಿ. "ಚಕ್ರ ಅಲ್ಲಾಡದ ಹಾಗೆ ಯಾರಾದರೂ ಹಿಡ್ಕೋಬೇಕಲ್ಲ."

"ಯಾವ ಮುಖ ಇಟ್ಕೊಂಡು ಹೋಗಲಿ? ವಕೀಲರ ಹತ್ತಿರ ನಾನು ಹೇಳಿದ್ದು..."

"ಅದು ಅವಳಿಗೆ ಗೊತ್ತಿಲ್ಲ. ನನಗೆ ಮಾತ್ರ ಗೊತ್ತು. ನನಗೆ ಅಷ್ಟು ಸಾಕು, ನಡಿ."

ಮೂರನೆಯ ದಿನ ಊಟದ ಹೊತ್ತಿಗೆ ಚುಕ್ಕಿ ಸುದ್ದಿ ತಂದಳು. ಮಳಿಗೆಯ ಮುಂದಿನ ಮೆಟ್ಟಿಲು ಕಿತ್ತುಹೋಗಿದೆ, ಬರುವವರು ಎಡವುತ್ತಾರೆ. ಹಿರಿಯ ಸೊಸೆ ಮರುದಿನ ಬೆಳಿಗ್ಗೆ ಬಯಲಿಗೆ ಹೋಗಿ, ಗೂಡಿನ ನಡುಭಾಗದಲ್ಲಿ ಬೆಂದು ಕೆಂಪಗೆ ಹೊಳೆಯುವ ಇಟ್ಟಿಗೆಗಳನ್ನೇ ಒಂದಕ್ಕೊಂದು ತಾಗಿಸಿ, ಕಣಕಣ ಎಂದದ್ದನ್ನು ಮಾತ್ರ ಆರಿಸಿ ಗಾಡಿಗೆ ತುಂಬಿಸಿದಳು.

"ಟೈಲರಮ್ಮನ ಮಳಿಗೆಗೆ," ಎಂದಳು ಗಾಡಿಯವನಿಗೆ. "ಪುಕ್ಕಟೆ ಅಂತ ತಿಳ್ಕೋಬೇಡ ಅಂತ ಹೇಳು. ಸಾಲ. ಬರೆಸ್ಕೊಂಡು ಸಹಿ ಹಾಕಿಸ್ಕೊಂಡು ಬಾ. ಹಾಕಲಿಲ್ಲ ಅಂದ್ರೆ ಇಟ್ಟಿಗೆ ಇಳಿಸಬೇಡ."

ಗಾಡಿ ಹೋದ ಮೇಲೆ ಅವಳು ಕೂತು ಕೆಲಸ ಮಾಡಲಿಲ್ಲ. ಬೂದಿ ಗುಡಿಸಿದಳು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಹೊತ್ತು ಇಳಿಯುವಾಗ ಏರಿಯ ಮೇಲೆ ಗಾಡಿ ಖಾಲಿ ಸದ್ದು ಮಾಡುತ್ತಾ ಬಂತು. ಗಾಡಿಯವನು ಕಿವಿಯ ಸಂದಿನಲ್ಲಿ ಸಿಕ್ಕಿಸಿಕೊಂಡಿದ್ದ ಚೀಟಿಯನ್ನು ಕೊಟ್ಟ. ಟೈಲರಮ್ಮ ಮೊದಲು ಇಟ್ಟಿಗೆ ಮುಟ್ಟಿ ನೋಡಿದರು, ಆಮೇಲೆ ನಕ್ಕರು ಎಂದ.

"ಯಾವ ಕಡೆಯಿಂದ ನಕ್ಕಳು?"

ಗಾಡಿಯವನಿಗೆ ಅರ್ಥವಾಗಲಿಲ್ಲ.

ಚೀಟಿಯ ಅಕ್ಷರ ಚುಕ್ಕಿಯದು, ಚಿಕ್ಕಮ್ಮನ ಹಾಗೆ ಬಲಕ್ಕೆ ವಾಲುವುದನ್ನು ಕಲಿತ ಅಕ್ಷರ. ಅದನ್ನು ಕಂಡು ಹಿರಿಯ ಸೊಸೆಗೆ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಒಂದು ಸಲ ಹಣಕಿತು. ಗಾಡಿ ತುಂಬ ಇಟ್ಟಿಗೆಯನ್ನು ಅಕ್ಕನಿಂದ ಸಾಲವಾಗಿ ಪಡೆದಿದ್ದೇನೆ, ಕೊಡಬೇಕಾದ್ದಿದೆ ಎಂದು ಬರೆದಿತ್ತು. ಕೆಳಗೆ ಕಿರಿಯ ಸೊಸೆಯ ಸಹಿ. ಯಾವಾಗ ಕೊಡುತ್ತಾಳೆಂದು ಬರೆದಿರಲಿಲ್ಲ. ಬೇಗ ಕೊಡದಿದ್ದರೆ ಒಳ್ಳೆಯದು ಎನಿಸಿತು ಅವಳಿಗೆ.

ಮಡಿಸುವ ಮುಂಚೆ ಕಾಗದದ ಮೇಲ್ಭಾಗವನ್ನು ಬೆರಳಿಟ್ಟು ನೋಡಿದಳು. ಈ ಚೀಟಿಗೆ ಮಗಳು ತಾರೀಖು ಹಾಕಿದ್ದಳು.